ಸೈನಿಕನಿಗೆ ಕಷ್ಟ ಬಂದಾಗ: ಚಿಕಿತ್ಸೆ ಯಾವಾಗ, ಡಿಸ್ಚಾರ್ಜ್ ಯಾವಾಗ?

ಕುಷ್ಟಗಿ, ಮಾನ್ವಿ, ಸಿರುಗುಪ್ಪ ಕಡೆಯ ಹಳ್ಳಿಗಳಲ್ಲಿ ಮಿಲಿಟರಿಗೆ ಹೋದ ಹುಡುಗ ಹೊತ್ತಲ್ಲದ ಹೊತ್ತಿನಲ್ಲಿ ಊರಲ್ಲಿ ಕಂಡರೆ ಕಟ್ಟೆಯ ಮೇಲೆ ಒಂದೇ ಪ್ರಶ್ನೆ: "ಏನ್ರೀ, ಹುಡ್ಗ ಸೂಟಿ ಮ್ಯಾಲೆ ಬಂದಾನೋ, ಬಿಟ್ಟ ಬಂದಾನೋ?" ನೌಕರಿ ಬಿಟ್ಟು ಬರುವುದು, ಸೇನೆಯೇ ತೆಗೆದುಹಾಕುವುದು, ಬೋರ್ಡ್ ಔಟ್ ಆಗುವುದು, ಅವಧಿ ಮುಗಿದು ಬರುವುದು, ಊರಿನವರಿಗೆ ಎಲ್ಲ ಒಂದೇ. ಸೇನೆಗೆ ಮಾತ್ರ ಒಂದೊಂದೂ ಬೇರೆ. ಪಿಂಚಣಿ ಬರುತ್ತದೋ ಇಲ್ಲವೋ, ಮುಂದೆ ಆಸ್ಪತ್ರೆ ಸೌಲಭ್ಯ ಇರುತ್ತದೋ ಇಲ್ಲವೋ, ಬೇರೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಕೈಯಲ್ಲಿ ಎಂಥ ಕಾಗದ ಇರುತ್ತದೆ, ಎಲ್ಲವೂ ಆ ವ್ಯತ್ಯಾಸದ ಮೇಲೆ ನಿಂತಿದೆ.

ಈಗ ಇದನ್ನು ತಿಳಿದುಕೊಳ್ಳಬೇಕಾದ ಮನೆಗಳು ಜಾಸ್ತಿಯಾಗಿವೆ. ನಾಲ್ಕು ವರ್ಷಕ್ಕೆ ಅಗ್ನಿವೀರರನ್ನು ಭರ್ತಿ ಮಾಡಿಕೊಳ್ಳುವ ಅಗ್ನಿಪಥ ಯೋಜನೆ 2022ರ ಜೂನ್‌ನಲ್ಲಿ ಬಂತು. ಆಮೇಲೆ ನಮ್ಮ ಭಾಗದ ಮೈದಾನಗಳಲ್ಲಿ ಓಡಿ, ಎತ್ತರ-ಎದೆ ಅಳತೆ ಕೊಟ್ಟು ಭರ್ತಿಯಾದ ಹುಡುಗರ ಅಪ್ಪ-ಅಮ್ಮಂದಿರಿಗೆ ಸೇನೆಯ ಒಳಗಿನ ವ್ಯವಹಾರದ ಗಂಧವೇ ಇರುವುದಿಲ್ಲ. ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆ, 2027ರ ಆರಂಭದ ಹೊತ್ತಿಗೆ ಮುಗಿಯುತ್ತದೆ. ಅಷ್ಟರೊಳಗೆ ಯಾರಿಗಾದರೂ ಮನಸ್ಸು ಕೆಟ್ಟರೆ, ಕುಡಿತ ಹತ್ತಿದರೆ, ಕಾಲು ಮುರಿದರೆ ಏನಾಗುತ್ತದೆ? ಯಾರು ತೀರ್ಮಾನಿಸುತ್ತಾರೆ?

ಮೊದಲು ಒಂದಿಷ್ಟು ಪದ

ಸೈನಿಕ ಸೇನೆಯಿಂದ ಹೊರಬರುವ ದಾರಿಗಳನ್ನು 1950ರ ಸೇನಾ ಕಾಯ್ದೆ ಮತ್ತು 1954ರ ಸೇನಾ ನಿಯಮಗಳು ಹೇಳುತ್ತವೆ. ಜವಾನರಿಗೆ ಮತ್ತು ಜೆಸಿಒಗಳಿಗೆ, ಅಂದರೆ ಸುಬೇದಾರ್ ದರ್ಜೆಯವರಿಗೆ, ಮುಖ್ಯವಾದದ್ದು ನಿಯಮ 13.

ಡಿಸ್ಮಿಸಲ್ ಅಂದರೆ ವಜಾ. ತಪ್ಪಿಗೆ ಕೊಡುವ ಶಿಕ್ಷೆ ಇದು. ಇದಾದರೆ ಸಾಮಾನ್ಯವಾಗಿ ಪಿಂಚಣಿ ಇಲ್ಲ.

ಡಿಸ್ಚಾರ್ಜ್ ಅಂದರೆ ಸೇವೆಯಿಂದ ಬಿಡುಗಡೆ. ಅವಧಿ ಮುಗಿದರೂ ಡಿಸ್ಚಾರ್ಜ್ ಅನ್ನುತ್ತಾರೆ, ತಾನೇ ಕೇಳಿಕೊಂಡು ಬಂದರೂ ಡಿಸ್ಚಾರ್ಜ್, "ಇವನ ಸೇವೆ ಇನ್ನು ಬೇಡ" ಎಂದು ಕಳಿಸಿದರೂ ಡಿಸ್ಚಾರ್ಜ್. ಗೊಂದಲ ಹುಟ್ಟುವುದೇ ಇಲ್ಲಿ. ಹಾಗಾಗಿ ಡಿಸ್ಚಾರ್ಜ್ ಅಂತ ಕೇಳಿದ ಕೂಡಲೇ ಗಾಬರಿ ಬೇಡ. ನಿಯಮ 13ರ ಯಾವ ಸಾಲಿನ ಅಡಿಯಲ್ಲಿ ಅಂತ ನೋಡಬೇಕು.

ಊರಲ್ಲಿ "ಬೋರ್ಡ್ ಔಟ್" ಅನ್ನುವುದು ಇನ್ವ್ಯಾಲಿಡ್‌ಮೆಂಟ್‌ಗೆ. ವೈದ್ಯರ ಮಂಡಳಿ ನೋಡಿ "ಇವರ ಆರೋಗ್ಯ ಸೇನೆಯ ಕೆಲಸಕ್ಕೆ ಇನ್ನು ಆಗುವುದಿಲ್ಲ" ಎಂದು ಶಿಫಾರಸು ಮಾಡಿದ ಮೇಲೆ ಆಗುವ ಬಿಡುಗಡೆ. ಇದು ಶಿಕ್ಷೆ ಅಲ್ಲ, ಕಳಂಕವೂ ಅಲ್ಲ.

ಇನ್ನು ಎಲ್‌ಎಂಸಿ, ಅಂದರೆ ಲೋ ಮೆಡಿಕಲ್ ಕೆಟಗರಿ. ಜವಾನರ ಬಾಯಲ್ಲಿ ಬರೀ "ಕೆಟಗರಿ". "ಅವ ಕೆಟಗರಿ ಆಗ್ಯಾನ" ಅಂದರೆ ಆರೋಗ್ಯದ ಕಾರಣಕ್ಕೆ ಅವನ ಕೆಲಸಕ್ಕೆ ಕೆಲವು ಮಿತಿ ಹಾಕಿದ್ದಾರೆ ಅಂತ. ಅವನು ಇನ್ನೂ ಸೈನಿಕನೇ. ಸಂಬಳ, ರೇಷನ್, ರಜೆ ಎಲ್ಲ ಇರುತ್ತದೆ.

ಒಂದೇ ತೊಂದರೆ, ಎರಡು ಕಾಲುವೆ

ಈಗ ವಿಷಯದ ಜೀವಾಳಕ್ಕೆ ಬರೋಣ. ರಜೆ ಮುಗಿದರೂ ಒಬ್ಬ ಜವಾನ ಯೂನಿಟ್‌ಗೆ ಹೋಗಿಲ್ಲ ಅಂದುಕೊಳ್ಳಿ. ಅಥವಾ ಡ್ಯೂಟಿಗೆ ಕುಡಿದು ಬಂದ. ಅಥವಾ ಹವಾಲ್ದಾರನ ಮೇಲೆ ಕೂಗಾಡಿದ. ಹೊರಗಿನಿಂದ ನೋಡಿದರೆ ಇದು ಶಿಸ್ತಿನ ತಪ್ಪು. ಒಳಗೆ ಏನಿದೆಯೋ ಗೊತ್ತಿಲ್ಲ. ತಿಂಗಳುಗಟ್ಟಲೆ ನಿದ್ದೆ ಇಲ್ಲದೆ ಇರಬಹುದು, ಖಿನ್ನತೆ ಇರಬಹುದು, ಮನೆಯಲ್ಲಿ ಜಮೀನಿನ ಜಗಳ ಇರಬಹುದು. ಸುಮ್ನೆ ಉಡಾಫೆಯೂ ಇರಬಹುದು, ಇಲ್ಲ ಅನ್ನಲಾಗದು.

ತುಂಗಭದ್ರಾ ಡ್ಯಾಮಿನ ನೀರು ಎಡದಂಡೆಗೆ ಬಿದ್ದರೆ ಕೊಪ್ಪಳ, ರಾಯಚೂರಿಗೆ ಹೋಗುತ್ತದೆ. ಬಲದಂಡೆಗೆ ಬಿದ್ದರೆ ಬಳ್ಳಾರಿ ಕಡೆಗೆ. ನೀರು ಒಂದೇ, ಗೇಟು ಬೇರೆ. ಸೈನಿಕನ ಫೈಲೂ ಹಾಗೆಯೇ. ಅದೇ ವರ್ತನೆ ಶಿಸ್ತಿನ ಕಾಲುವೆಗೆ ಬಿದ್ದರೆ ಚಾರ್ಜ್‌ಶೀಟ್, ಶಿಕ್ಷೆ, ದಾಖಲೆಯಲ್ಲಿ ಕೆಂಪು ಶಾಯಿಯ ಬರಹ, ಕೊನೆಗೆ ಡಿಸ್ಚಾರ್ಜ್. ಆಸ್ಪತ್ರೆಯ ಕಾಲುವೆಗೆ ಬಿದ್ದರೆ ಯೂನಿಟ್ ಡಾಕ್ಟರ್, ಮಿಲಿಟರಿ ಆಸ್ಪತ್ರೆ, ಕೆಟಗರಿ, ಚಿಕಿತ್ಸೆ, ಮತ್ತೆ ಡ್ಯೂಟಿ. ಅದು ಆಗದಿದ್ದರೆ ಬೋರ್ಡ್. ಒಂದು ಕಡೆ ಹರಿದ ಫೈಲನ್ನು ಇನ್ನೊಂದು ಕಡೆಗೆ ತಿರುಗಿಸಲು ಆಮೇಲೆ ಕೋರ್ಟು ಕಚೇರಿ ಅಲೆಯಬೇಕಾಗುತ್ತದೆ.

ಗೇಟಿನ ಹತ್ತಿರ ನಿಂತಿರುವವರು ಯೂನಿಟ್‌ನ ಮುಖ್ಯಸ್ಥರಾದ ಕಮಾಂಡಿಂಗ್ ಆಫೀಸರ್, ಅಂದರೆ ಸಿಒ. ಅವರ ಕೈಗೆ ಮಾಹಿತಿ ಕೊಡುವವರು ಕಂಪನಿ ಕಮಾಂಡರ್, ಸುಬೇದಾರ್ ಸಾಹೇಬರು, ಯೂನಿಟ್‌ನ ವೈದ್ಯ. ಆ ವೈದ್ಯರಿಗೆ ಆರ್‌ಎಂಒ ಅನ್ನುತ್ತಾರೆ. ಎಷ್ಟೋ ಸಲ ಮೊದಲ ಸುಳಿವು ಸಿಗುವುದು ಪಕ್ಕದ ಮಂಚದ ಗೆಳೆಯನಿಗೆ. ಅದಕ್ಕೇ ಸೇನೆಯಲ್ಲಿ "ಬಡ್ಡಿ" (ಇಂಗ್ಲಿಷಿನಲ್ಲಿ ಜೊತೆಗಾರ) ಪದ್ಧತಿ ಇದೆ. ಇಬ್ಬಿಬ್ಬರ ಜೋಡಿ, ಒಬ್ಬರನ್ನೊಬ್ಬರು ಗಮನಿಸಬೇಕು.

ಆದರೆ ಹುಡುಗರು ಮುಚ್ಚಿಡುತ್ತಾರೆ. ಅದಕ್ಕೂ ಕಾರಣ ಇದೆ. ಊರಿನ ಡಾಕ್ಟರ ಹತ್ತಿರ ಹೇಳಿದ ಮಾತು ಡಾಕ್ಟರ ಹತ್ತಿರವೇ ಉಳಿಯುತ್ತದೆ. ಸೇನೆಯ ವೈದ್ಯರಿಗೆ ಎರಡು ಹೊಣೆ. ರೋಗಿಯನ್ನು ನೋಡಬೇಕು, ಅವನ ಕೈಗೆ ಬಂದೂಕು ಕೊಡಬಹುದೇ ಎಂದು ಸಿಒಗೂ ಹೇಳಬೇಕು. ಕೆಟಗರಿ ಬಿದ್ದರೆ ಬಡ್ತಿಗೆ, ಕೋರ್ಸ್‌ಗೆ, ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋಗುವ ಅವಕಾಶಕ್ಕೆ ಅಡ್ಡಿ ಬರಬಹುದು. ಬಂದೂಕು ಹಿಂದಕ್ಕೆ ಪಡೆದು ಕುಕ್‌ಹೌಸ್ ಡ್ಯೂಟಿಗೆ ಹಾಕಿದರೆ ಇಡೀ ಬ್ಯಾರಕ್ಕಿಗೆ ಗೊತ್ತಾಗುತ್ತದೆ. ಇಷ್ಟೆಲ್ಲ ಇರುವಾಗ "ನನಗೆ ನಿದ್ದೆ ಬರ್ತಿಲ್ಲ ಸಾಬ್" ಅನ್ನುವುದು ಸುಲಭವಲ್ಲ, ಅಲ್ವಾ? ಹೇಳದೆ ಇದ್ದರೆ ಮಾತ್ರ ಫೈಲು ತಾನಾಗಿಯೇ ಶಿಸ್ತಿನ ಕಡೆಗೆ ವಾಲುತ್ತದೆ. ಯಾಕೆಂದರೆ ಕಾಯಿಲೆಯ ಒಂದು ಸಾಲೂ ದಾಖಲೆಯಲ್ಲಿ ಇರುವುದಿಲ್ಲ, ತಪ್ಪು ಮಾತ್ರ ಇರುತ್ತದೆ.

ಶೇಪ್ ಅಂದರೆ ಏನು?

ಸೈನಿಕನ ಆರೋಗ್ಯವನ್ನು ಐದು ಅಕ್ಷರದಲ್ಲಿ ಬರೆಯುತ್ತಾರೆ: ಎಸ್, ಎಚ್, ಎ, ಪಿ, ಇ. ಕೂಡಿಸಿದರೆ ಶೇಪ್. ಎಸ್ ಅಂದರೆ ಮನಸ್ಸಿನ ಸ್ಥಿತಿ, ಎಚ್ ಕಿವಿ, ಎ ಕೈಕಾಲು, ಪಿ ದೇಹದ ಒಟ್ಟು ಶಕ್ತಿ, ಇ ಕಣ್ಣು. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕಿ.

1 ಅಂದರೆ ಪೂರ್ತಿ ಫಿಟ್, ಎಲ್ಲಿಗೆ ಬೇಕಾದರೂ ಕಳಿಸಬಹುದು. 2 ಮತ್ತು 3 ಅಂದರೆ ಮಿತಿಗಳೊಂದಿಗೆ ಕೆಲಸ. 4 ಅಂದರೆ ಸದ್ಯಕ್ಕೆ ಡ್ಯೂಟಿಗೆ ಆಗುವುದಿಲ್ಲ, ಆಸ್ಪತ್ರೆಯಲ್ಲಿರಬೇಕು ಅಥವಾ ಸಿಕ್ ಲೀವ್ ಮೇಲಿರಬೇಕು. 5 ಅಂದರೆ ಸೇನಾ ಸೇವೆಗೆ ಶಾಶ್ವತವಾಗಿ ಅನ್‌ಫಿಟ್. ಭರ್ತಿಯಾಗುವ ದಿನ ಎಲ್ಲರೂ ಶೇಪ್-1. ಈ ಮಾತು ನೆನಪಿರಲಿ, ಪಿಂಚಣಿ ವಿಷಯ ಬಂದಾಗ ಇದು ದೊಡ್ಡ ಅಸ್ತ್ರವಾಗುತ್ತದೆ.

ಕೆಟಗರಿ ಮೊದಲು ತಾತ್ಕಾಲಿಕವಾಗಿ ಬೀಳುತ್ತದೆ. ಕಾಗದದಲ್ಲಿ "ಎಸ್-3, ಟಿ-24" ಎಂದಿದ್ದರೆ, ಮನಸ್ಸಿನ ತೊಂದರೆ, ಮೂರನೇ ದರ್ಜೆ, 24 ವಾರಕ್ಕೆ ತಾತ್ಕಾಲಿಕ ಎಂದು ಓದಿಕೊಳ್ಳಬೇಕು. ಅಷ್ಟು ದಿನ ಬಂದೂಕಿಲ್ಲ, ಗಾಡಿ ಓಡಿಸುವಂತಿಲ್ಲ, ಒಂಟಿ ಕಾವಲು ಇಲ್ಲ, ಸಿಯಾಚಿನ್‌ನಂಥ ಎತ್ತರದ ಜಾಗಕ್ಕೆ ಕಳಿಸುವುದಿಲ್ಲ. ಇಂಥ ಮಿತಿಗಳನ್ನು ಮಂಡಳಿ ಬರೆದು ಕೊಡುತ್ತದೆ. 24 ವಾರದ ಮೇಲೆ ಮರುಪರೀಕ್ಷೆ. ಸುಧಾರಿಸಿದರೆ ಮೇಲಿನ ದರ್ಜೆ, ಮತ್ತೆ ನೋಡಿ ಶೇಪ್-1. ಸುಧಾರಿಸದಿದ್ದರೆ ಶಾಶ್ವತ ಕೆಟಗರಿ, ಇಲ್ಲವೇ ಬೋರ್ಡ್.

ಮನಸ್ಸಿನ ತೊಂದರೆಯಲ್ಲಿ ಇನ್ನೊಂದು ಕಾಗದ ಬರುತ್ತದೆ. ಹೆಸರು ಎಎಫ್‌ಎಂಎಸ್‌ಎಫ್-10. ಇದನ್ನು ಬರೆಯುವುದು ವೈದ್ಯರಲ್ಲ, ಯೂನಿಟ್. ಹುಡುಗ ಕೆಲಸದಲ್ಲಿ ಹೇಗೆ, ಜೊತೆಯವರೊಂದಿಗೆ ಹೇಗೆ, ಕುಡಿಯುತ್ತಾನೋ, ನಡತೆಯಲ್ಲಿ ಬದಲಾವಣೆ ಕಂಡಿದ್ದು ಯಾವಾಗಿನಿಂದ, ಹೀಗೆ ಸಿಒ ಕಡೆಯ ವರದಿ. ಕಾಲು ಮುರಿದರೆ ಎಕ್ಸ್‌ರೇ ಸಾಕು. ಮನಸ್ಸಿಗೆ ಎಕ್ಸ್‌ರೇ ಇಲ್ಲ. ಹಾಗಾಗಿ ಈ ವರದಿಗೆ ತೂಕ ಜಾಸ್ತಿ. ಅವಸರದಲ್ಲಿ ನಾಲ್ಕು ಸಾಲು ಗೀಚಿದ ವರದಿ ಒಬ್ಬನ ಹತ್ತು ವರ್ಷದ ಸೇವೆಯ ಮೇಲೆ ಕೂರುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತಿ ಮೃದುವಾದ ಜಾಗ ಇದೇ ಎಂದು ನನಗೆ ಅನ್ನಿಸುತ್ತದೆ.

ಉಳಿಸಿಕೊಳ್ಳುವುದು ಯಾವಾಗ, ಕಳಿಸುವುದು ಯಾವಾಗ

"ಇಷ್ಟು ಸಲ ಆಸ್ಪತ್ರೆಗೆ ಸೇರಿದರೆ ಮನೆಗೆ" ಅನ್ನುವ ಸರಳ ಲೆಕ್ಕ ಇಲ್ಲ. ಮಂಡಳಿ ಹಲವು ವಿಷಯ ಒಟ್ಟಿಗೆ ತೂಗುತ್ತದೆ.

ಮೊದಲನೆಯದು ಕಾಯಿಲೆ ಯಾವುದು ಅನ್ನುವುದು. ಒಂದು ಘಟನೆಯಿಂದ ಬಂದ ಆಘಾತ, ಖಿನ್ನತೆ, ಹೊಂದಾಣಿಕೆಯ ತೊಂದರೆ ಇವು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತವೆ. ಇಲ್ಲದ ಧ್ವನಿ ಕೇಳಿಸುವ, ಎಲ್ಲರೂ ತನಗೆ ಕೇಡು ಬಗೆಯುತ್ತಿದ್ದಾರೆ ಅನ್ನಿಸುವ ಕಾಯಿಲೆ ಮತ್ತೆ ಮತ್ತೆ ಮರುಕಳಿಸಿದರೆ ಆಯುಧದ ನಡುವೆ ಇಟ್ಟುಕೊಳ್ಳುವುದು ಕಷ್ಟ. ಎರಡನೆಯದು ಚಿಕಿತ್ಸೆಗೆ ಅವನು ಸ್ಪಂದಿಸಿದ ರೀತಿ. ಆಮೇಲೆ ಮಿತಿಗಳೊಂದಿಗೆ ಕೊಡಬಹುದಾದ ಕೆಲಸ ಯೂನಿಟ್‌ನಲ್ಲಿ ಇದೆಯೇ ಅನ್ನುವ ಪ್ರಶ್ನೆ. ಸ್ಟೋರ್, ಕ್ಲರ್ಕ್ ಕೆಲಸದಂಥ ಜಾಗಕ್ಕೆ ಶೆಲ್ಟರ್ಡ್ ಅಪಾಯಿಂಟ್‌ಮೆಂಟ್ ಅನ್ನುತ್ತಾರೆ. ಶಾಶ್ವತ ಕೆಟಗರಿಯ ಎಷ್ಟೋ ಜನ ಇಂಥ ಜಾಗದಲ್ಲಿ ಪೂರ್ತಿ ಅವಧಿ ಮುಗಿಸುತ್ತಾರೆ. ಆದರೆ ಇಂಥ ಜಾಗ ಎಲ್ಲರಿಗೂ ಸಾಲುವಷ್ಟು ಇರುವುದಿಲ್ಲ.

ಕುಡಿತದ ವಿಷಯ ಸ್ವಲ್ಪ ಬೇರೆ. ಕುಡಿತದ ಚಟವನ್ನೂ ಸೇನೆ ಕಾಯಿಲೆ ಎಂದೇ ನೋಡುತ್ತದೆ, ಆಸ್ಪತ್ರೆಗೆ ಸೇರಿಸಿ ಬಿಡಿಸುತ್ತದೆ, ಕೆಟಗರಿಯಲ್ಲಿಟ್ಟು ಕಾಯುತ್ತದೆ. ಮತ್ತೆ ಕುಡಿತಕ್ಕೆ ಬಿದ್ದರೆ ಬೋರ್ಡ್ ಮಾತು ಏಳುತ್ತದೆ. ಹಾಗೆ ಹೊರಬಂದರೆ ಅಂಗವೈಕಲ್ಯದ ಹಣ ಸಿಗುವುದು ಕಷ್ಟ. ಕುಡಿತ, ತಂಬಾಕು, ಮಾದಕವಸ್ತುವಿನಿಂದ ಬಂದ ತೊಂದರೆಗೆ ಪರಿಹಾರ ಇಲ್ಲ, ಅದು ಅವರವರ ಹತೋಟಿಯಲ್ಲಿರುವ ವಿಷಯ ಎಂದು ನಿಯಮವೇ ಹೇಳುತ್ತದೆ.

ಕೈಕಾಲಿನ ಗಾಯಕ್ಕೆ ದಾರಿ ಹೆಚ್ಚು ಸ್ಪಷ್ಟ. ಪುಣೆಯಲ್ಲಿ 1944ರಿಂದ ಕೃತಕ ಕಾಲು-ಕೈ ಕೇಂದ್ರ ಇದೆ. ಬೆನ್ನುಹುರಿ ಪೆಟ್ಟಾದವರಿಗೆ ಪುಣೆಯ ಖಡ್ಕಿ ಮತ್ತು ಮೊಹಾಲಿಯಲ್ಲಿ ಪುನರ್ವಸತಿ ಕೇಂದ್ರಗಳಿವೆ. 1917ರಲ್ಲಿ ಶುರುವಾಗಿ ಈಗ ಖಡ್ಕಿಯಲ್ಲೇ ಇರುವ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್, ಗಾಯಗೊಂಡ ಸೈನಿಕರಿಗೆ ಬದುಕಲು ಒಂದು ಕಸುಬು ಕಲಿಸುತ್ತದೆ.

ಇಲ್ಲೊಂದು ಪ್ರಶ್ನೆ ಏಳಬಹುದು. ಸರ್ಕಾರಿ ನೌಕರನಿಗೆ ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ತೆಗೆದುಹಾಕುವಂತಿಲ್ಲ, ಬೇರೆ ಕೆಲಸ ಕೊಡಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದಲ್ಲ? ಹೇಳುತ್ತದೆ. ಆದರೆ 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸೇನೆಯ ಯುದ್ಧ ಸಿಬ್ಬಂದಿಯ ಹುದ್ದೆಗಳಿಗೆ ಇದರಿಂದ ವಿನಾಯಿತಿ ಕೊಟ್ಟಿತು. ಪಿಡಬ್ಲ್ಯುಡಿ ಗುಮಾಸ್ತನಿಗೆ ಇರುವ ರಕ್ಷಣೆ ಜವಾನನಿಗೆ ಇಲ್ಲದಿರುವುದು ಅದರಿಂದ.

ಹತ್ತಿರದಲ್ಲೇ, ಬೇಗನೆ

ಮನಸ್ಸಿನ ಗಾಯವನ್ನು ಸೇನೆಗಳು ಅರ್ಥಮಾಡಿಕೊಂಡ ಕಥೆ ಮೊದಲ ಮಹಾಯುದ್ಧದಿಂದ ಶುರು. ಕಂದಕಗಳಲ್ಲಿ ಶೆಲ್ ಸಿಡಿತದ ನಡುವೆ ಇದ್ದವರಿಗೆ ನಡುಕ, ಮಾತು ನಿಲ್ಲುವುದು, ಕಣ್ಣು ಕಾಣದಂತಾಗುವುದು ಕಂಡುಬಂತು. 1915ರಲ್ಲಿ ಬ್ರಿಟನ್ನಿನ ಚಾರ್ಲ್ಸ್ ಮೈಯರ್ಸ್ ವೈದ್ಯ ಪತ್ರಿಕೆಯಲ್ಲಿ ಇದನ್ನು "ಶೆಲ್ ಶಾಕ್" ಎಂಬ ಹೆಸರಿನಲ್ಲಿ ಬರೆದರು. ಅದೇ ಯುದ್ಧದಲ್ಲಿ ಓಡಿಹೋದದ್ದು, ಹೇಡಿತನ ಇಂಥ ಆರೋಪದ ಮೇಲೆ ಬ್ರಿಟನ್ ತನ್ನದೇ ಸೈನಿಕರನ್ನು ಗುಂಡಿಕ್ಕಿ ಕೊಂದಿತ್ತು. ಅವರಲ್ಲಿ 306 ಜನರಿಗೆ 2006ರಲ್ಲಿ ಕ್ಷಮಾದಾನ ಕೊಟ್ಟರು. ಅವರಲ್ಲಿ ಎಷ್ಟು ಮಂದಿ ಕಾಯಿಲೆಯವರಿದ್ದರೋ, ಯಾರು ಹೇಳಬೇಕು!

ಅಮೆರಿಕದ ಥಾಮಸ್ ಸಾಲ್ಮನ್ ಆ ಯುದ್ಧದಿಂದ ಮೂರು ಪಾಠ ಗಟ್ಟಿ ಮಾಡಿದರು. ಚಿಕಿತ್ಸೆ ಯೂನಿಟ್‌ಗೆ ಹತ್ತಿರದಲ್ಲೇ ಸಿಗಬೇಕು. ತಡ ಮಾಡದೆ ಸಿಗಬೇಕು. "ನೀನು ಮತ್ತೆ ಡ್ಯೂಟಿಗೆ ಹೋಗುತ್ತೀಯ" ಎಂಬ ಭರವಸೆಯೊಂದಿಗೆ ಸಿಗಬೇಕು. ದೂರದ ದೊಡ್ಡಾಸ್ಪತ್ರೆಗೆ ಕಳಿಸಿದಷ್ಟೂ "ನಾನು ರೋಗಿ" ಅನ್ನುವ ಭಾವ ಬೇರೂರುತ್ತದೆ. ಮುಂದಿನ ಯುದ್ಧಗಳಲ್ಲೂ ಸೇನೆಗಳು ಇದನ್ನು ಬಳಸಿದವು. ಇದಕ್ಕೆ ಟೀಕೆಯೂ ಇದೆ. ಬೇಗ ಡ್ಯೂಟಿಗೆ ಮರಳಿಸುವುದು ಸೇನೆಗೆ ಲಾಭ, ಆ ಮನುಷ್ಯನಿಗೆ ಮುಂದೆ ಎಷ್ಟು ಒಳ್ಳೆಯದು ಎಂಬ ಪ್ರಶ್ನೆ ಹಾಗೇ ಇದೆ.

ಇದೇ ಯೋಚನೆಯ ಒಂದು ನಾಗರಿಕ ರೂಪ ನಮ್ಮ ಬಳ್ಳಾರಿಯಲ್ಲೇ ನಡೆದಿದ್ದು ಎಷ್ಟೋ ಜನರಿಗೆ ಗೊತ್ತಿಲ್ಲ. 1985ರಿಂದ 1990ರವರೆಗೆ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಮಾಡಿತು. ಮಾನಸಿಕ ಕಾಯಿಲೆಯವರನ್ನು ಬೆಂಗಳೂರಿಗೆ ಕರೆತರುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಔಷಧ ಅಲ್ಲೇ ಸಿಗುವಂತೆ ಮಾಡಿತು. "ಬಳ್ಳಾರಿ ಮಾದರಿ" ಎಂದೇ ಅದು ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿ ಇದೇ. ಮನೆ ಬಿಡಿಸದೆ, ಕೆಲಸ ಬಿಡಿಸದೆ ವಾಸಿ ಮಾಡಬಹುದು ಎಂದು ದೇಶಕ್ಕೆ ತೋರಿಸಿದ್ದು ನಮ್ಮ ಜಿಲ್ಲೆ.

ಕೆಂಪು ಶಾಯಿಯ ಲೆಕ್ಕ

ಶಿಸ್ತಿನ ದಾರಿಯಲ್ಲಿ ಎಲ್ಲರೂ ಹೆದರುವುದು ರೆಡ್ ಇಂಕ್ ಎಂಟ್ರಿಗೆ. ಕೆಲವು ಶಿಕ್ಷೆಗಳನ್ನು ಜವಾನನ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುತ್ತಾರೆ. "ನಾಲ್ಕು ಕೆಂಪಾದರೆ ಮನೆಗೆ" ಎಂಬ ಮಾತು ಬ್ಯಾರಕ್ಕುಗಳಲ್ಲಿ ಗಾದೆಯಂತೆ ಓಡಾಡುತ್ತದೆ. ಅದು ಅರ್ಧ ಸತ್ಯ.

ಸೇನಾ ಪ್ರಧಾನ ಕಚೇರಿಯ 1988ರ ಡಿಸೆಂಬರ್ ಸುತ್ತೋಲೆ ಈ ನಾಲ್ಕರ ಲೆಕ್ಕವನ್ನು ಹೇಳುತ್ತದೆ ನಿಜ. ಆದರೆ ನಾಲ್ಕಾದರೆ ಕಳಿಸಲೇಬೇಕು ಎಂದಿಲ್ಲ ಅಂತ ಅದೇ ಸುತ್ತೋಲೆಯಲ್ಲಿದೆ. ತಪ್ಪು ಎಂಥದ್ದು, ಸೇವೆ ಎಷ್ಟು ವರ್ಷದ್ದು, ಎಂತೆಂಥ ಕಷ್ಟದ ಜಾಗದಲ್ಲಿ ದುಡಿದಿದ್ದಾನೆ, ಪಿಂಚಣಿಗೆ ಹತ್ತಿರ ಬಂದಿದ್ದಾನೋ, ಇದನ್ನೆಲ್ಲ ನೋಡಬೇಕು. ಮೊದಲು ಪ್ರಾಥಮಿಕ ವಿಚಾರಣೆ ಆಗಬೇಕು. 2015ರಲ್ಲಿ ವೀರೇಂದ್ರ ಕುಮಾರ್ ದುಬೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಆ ವಿಚಾರಣೆ ಇಲ್ಲದೆ, ಈ ಅಂಶ ತೂಗದೆ, ಬರೀ ನಾಲ್ಕು ಎಂಟ್ರಿ ಎಣಿಸಿ ಕಳಿಸಿದ್ದು ನಿಲ್ಲುವುದಿಲ್ಲ ಎಂದಿತು. "ಸೇವೆ ಬೇಡ" ಎಂಬ ಸಾಲಿನ ಅಡಿ ಕಳಿಸುವ ಅಧಿಕಾರ ಸಿಒಗೂ ಇಲ್ಲ. ಅದು ಬ್ರಿಗೇಡ್ ಅಥವಾ ಸಬ್-ಏರಿಯಾ ಕಮಾಂಡರ್ ಮಟ್ಟದ್ದು. ಸಾಮಾನ್ಯವಾಗಿ ಮೊದಲು ಶೋಕಾಸ್ ನೋಟಿಸ್, ಅಂದರೆ ಕಾರಣ ಕೇಳುವ ಪತ್ರ, ಕೊಡಬೇಕು.

ಆ ನೋಟಿಸಿಗೆ ಕೊಡುವ ಉತ್ತರ ಬಹಳ ಮುಖ್ಯ. ಚಿಕಿತ್ಸೆ ತೆಗೆದುಕೊಂಡಿದ್ದರೆ, ಮನೆಯಲ್ಲಿ ಕಷ್ಟ ಇದ್ದರೆ, ಅದನ್ನು ಕಾಗದದ ಸಮೇತ ಬರೆಯಬೇಕಾದ ಜಾಗ ಅದು. "ತಪ್ಪಾಯ್ತು ಸಾಬ್, ಕ್ಷಮಿಸಿ" ಎಂದಷ್ಟೇ ಬರೆದರೆ ಕಾರಣ ದಾಖಲೆಗೆ ಬರುವುದೇ ಇಲ್ಲ.

ಆರೋಗ್ಯದ ಕಾರಣಕ್ಕೆ ಕಳಿಸುವಾಗಲೂ ಇಂಥ ಕಾವಲು ಇದೆ. ಕೆಟಗರಿಯಲ್ಲಿದ್ದಾನೆ, ಕೊಡಲು ಕೆಲಸ ಇಲ್ಲ ಎಂದು ಇನ್ವ್ಯಾಲಿಡಿಂಗ್ ಬೋರ್ಡ್ ಇಲ್ಲದೆ ಕಳಿಸುವಂತಿಲ್ಲ ಎಂದು 2008ರ ರಾಜ್‌ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಣದ ಮಾತು

ಮಾಮೂಲಿ ಪಿಂಚಣಿಗೆ ಜವಾನನಿಗೆ 15 ವರ್ಷದ ಸೇವೆ ಬೇಕು. ಬೋರ್ಡ್ ಔಟ್ ಆದವರಿಗೆ ನಿಯಮ ಬೇರೆ. ಕಾಯಿಲೆ ಸೇವೆಯಿಂದಲೇ ಬಂದಿದ್ದರೆ ಅಥವಾ ಸೇವೆಯಿಂದ ಹೆಚ್ಚಾಗಿದ್ದರೆ, ಅಂಗವೈಕಲ್ಯ ಶೇ 20 ಅಥವಾ ಹೆಚ್ಚಿದ್ದರೆ, ಅಂಗವೈಕಲ್ಯ ಪಿಂಚಣಿ ಸಿಗುತ್ತದೆ. ಸೇವೆಗೆ ಸಂಬಂಧ ಇಲ್ಲದ ಕಾಯಿಲೆಯಾದರೆ ಇನ್ವ್ಯಾಲಿಡ್ ಪಿಂಚಣಿ. ಇದಕ್ಕೆ ಮೊದಲು 10 ವರ್ಷದ ಸೇವೆ ಬೇಕಿತ್ತು. 2019ರ ಜನವರಿ 4ರಂದು ಅಥವಾ ಆಮೇಲೆ ಸೇವೆಯಲ್ಲಿದ್ದವರಿಗೆ 10 ವರ್ಷಕ್ಕಿಂತ ಕಡಿಮೆ ಇದ್ದರೂ ಕೊಡಬಹುದು ಎಂದು 2020ರಲ್ಲಿ ಸರ್ಕಾರ ಬದಲಿಸಿತು.

ಹೆಚ್ಚಿನ ಜಗಳ ನಡೆಯುವುದು "ಸೇವೆಯಿಂದ ಬಂತೋ ಇಲ್ಲವೋ" ಎಂಬುದರ ಮೇಲೆ. ಮಂಡಳಿ "ಇಲ್ಲ" ಎಂದು ಬರೆದರೆ ಏನು ಮಾಡುವುದು? 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಗಿನ ನಿಯಮಗಳನ್ನು ಓದಿ ಸೇನೆಗೆ ಹೇಳಿದ್ದು ಹೀಗೆ: ಭರ್ತಿಯಾಗುವಾಗ ಆರೋಗ್ಯವಂತ ಎಂದು ನೀವೇ ಬರೆದುಕೊಂಡಿದ್ದೀರಿ, ಆಗ ದಾಖಲೆಯಲ್ಲಿ ಕಾಯಿಲೆ ಇರಲಿಲ್ಲ, ಹಾಗಾದರೆ ಕಾಯಿಲೆ ಸೇವೆಯಲ್ಲಿ ಬಂದದ್ದೆಂದೇ ಭಾವಿಸಬೇಕು, ಅಲ್ಲ ಎನ್ನುವುದಾದರೆ ಕಾರಣ ಕೊಡಬೇಕಾದವರು ನೀವು. ಮೇಲೆ ಶೇಪ್-1 ನೆನಪಿಡಿ ಅಂದದ್ದು ಇದಕ್ಕೇ. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ಹಾಗಾಗಿ ಹೊರಬಂದ ದಿನಾಂಕ ಆ ದಿನಕ್ಕಿಂತ ಮುಂಚೆಯೋ ಆಮೇಲೋ ಎಂಬುದನ್ನು ಮೊದಲು ನೋಡಿ. ಪಕ್ಕದ ಊರಿನವರಿಗೆ ಹತ್ತು ವರ್ಷದ ಹಿಂದೆ ಸಿಕ್ಕಿತು ಎಂದರೆ ನಿಮಗೂ ಹಾಗೆಯೇ ಸಿಗುತ್ತದೆ ಎಂದಲ್ಲ.

ಅಗ್ನಿವೀರರಿಗೆ ಪಿಂಚಣಿ ಇಲ್ಲ. ಸೇವೆಯ ಕಾರಣಕ್ಕೆ ಅಂಗವೈಕಲ್ಯ ಬಂದು ಹೊರಬಂದರೆ ಒಂದೇ ಸಲದ ಮೊತ್ತ ಇದೆ: ಶೇ 100 ಆದರೆ 44 ಲಕ್ಷ ರೂಪಾಯಿ, 75 ಆದರೆ 25 ಲಕ್ಷ, 50 ಆದರೆ 15 ಲಕ್ಷ. ನಾಲ್ಕು ವರ್ಷ ಪೂರ್ತಿ ಮುಗಿಸಿದವರಿಗೆ ಸಿಗುವ ಸುಮಾರು 11.71 ಲಕ್ಷದ ಸೇವಾ ನಿಧಿಯೇ ಬೇರೆ, ಇದೇ ಬೇರೆ. ನಾಲ್ಕು ವರ್ಷದ ಮೇಲೆ ಶೇ 25ರವರೆಗೆ ಮಾತ್ರ ಕಾಯಂ ಮಾಡಿಕೊಳ್ಳುವುದರಿಂದ ತೊಂದರೆ ಹೇಳಿಕೊಳ್ಳಲು ಈ ಹುಡುಗರಿಗೆ ಇನ್ನೂ ಹೆಚ್ಚು ಹಿಂಜರಿಕೆ ಇರುವುದು ಸಹಜ. ಇನ್ನು ತರಬೇತಿಯಲ್ಲಿರುವವರನ್ನು, ಅಂದರೆ ಕಸಮ್ ಪರೇಡ್ (ಪ್ರಮಾಣವಚನ) ಆಗದವರನ್ನು, ತರಬೇತಿ ಕೇಂದ್ರದ ಮಟ್ಟದಲ್ಲೇ ಕಳಿಸಬಹುದು.

ಊರಲ್ಲಿದ್ದಾಗ ತೊಂದರೆ ಕಂಡರೆ

ಹೆಚ್ಚಿನ ಫೈಲುಗಳು ದಾರಿ ತಪ್ಪುವುದು ಸೂಟಿಯಲ್ಲಿ ಬಂದಾಗ. ಹುಡುಗ ಮಾತಾಡುವುದಿಲ್ಲ, ಊಟ ಇಲ್ಲ, ವಾಪಸ್ ಹೋಗುವ ದಿನ ಹತ್ತಿರವಾದಂತೆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಮನೆಯವರು ಗಾಳಿ-ಧೂಳಿ ಎಂದು ಯಾವುದೋ ದರ್ಗಾಕ್ಕೋ ಗುಡಿಗೋ ಕರೆದೊಯ್ಯುತ್ತಾರೆ. ಹೋಗಲಿ, ಅದರಿಂದ ಸಮಾಧಾನ ಸಿಕ್ಕರೆ ಬೇಡ ಅನ್ನುವವರು ಯಾರು? ಆದರೆ ಅಷ್ಟರಲ್ಲಿ ರಜೆ ಮುಗಿದಿರುತ್ತದೆ. ಯೂನಿಟ್‌ನ ರಿಜಿಸ್ಟರಿನಲ್ಲಿ ಅವನು "ಓಎಸ್‌ಎಲ್", ರಜೆ ಮೀರಿ ಉಳಿದವನು. ಕೆಲವು ದಿನಕ್ಕೆ ಪೊಲೀಸ್ ಠಾಣೆಗೆ ಪತ್ರ ಬರುತ್ತದೆ. 30 ದಿನ ದಾಟಿದರೆ ಸೇನೆಯೊಳಗಿನ ವಿಚಾರಣಾ ಮಂಡಳಿಯಾದ ಕೋರ್ಟ್ ಆಫ್ ಇನ್‌ಕ್ವಯರಿ ಕೂತು ಗೈರುಹಾಜರಿ ದಾಖಲಿಸುತ್ತದೆ. ರಜೆ ಮೀರಿ ಉಳಿಯುವುದಕ್ಕೆ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು ಇದೆ. ಕಾಯಿಲೆಯಾಗಿದ್ದದ್ದು ಈಗ ಅಪರಾಧ.

ಇದನ್ನು ತಪ್ಪಿಸಲು ರಜೆ ಮುಗಿಯುವ ಮೊದಲೇ ಯೂನಿಟ್‌ಗೆ ತಿಳಿಸಬೇಕು. ಫೋನ್ ಮಾಡಿ, ಜೊತೆಗೆ ಬರಹದಲ್ಲೂ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಆದಷ್ಟು ಬೇಗ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಕರೆದೊಯ್ಯಿರಿ. ನಮ್ಮ ಮೂರು ಜಿಲ್ಲೆಗೂ ಅದು ದೂರವೇ: ಬೆಳಗಾವಿ, ಬೆಂಗಳೂರು, ರಾಯಚೂರು ಕಡೆಯವರಿಗೆ ಸಿಕಂದರಾಬಾದ್. ಅಷ್ಟು ದೂರ ಒಯ್ಯಲು ಆಗದ ತುರ್ತು ಇದ್ದರೆ ಬಳ್ಳಾರಿಯ ಬಿಎಂಸಿಆರ್‌ಸಿ (ಮೊದಲಿನ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ ತೋರಿಸಿ. ಚೀಟಿ, ವರದಿ, ಡಿಸ್ಚಾರ್ಜ್ ಸಮ್ಮರಿ ಒಂದೂ ಬಿಸಾಡಬೇಡಿ. ದಿನಾಂಕ ಇರುವ ಒಂದು ಒಪಿಡಿ ಚೀಟಿ ಮುಂದೆ ವಕೀಲರ ಹತ್ತು ಪುಟಕ್ಕಿಂತ ಜಾಸ್ತಿ ಕೆಲಸ ಮಾಡಬಹುದು.

ಜೀವದ ಮೇಲೆ ಬೇಸರ ಬಂದ ಮಾತು ಆಡುತ್ತಿದ್ದರೆ ಕಾಯಬೇಡಿ, ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ 2023ರ ಡಿಸೆಂಬರ್‌ನಲ್ಲಿ ಸೈನಿಕರಿಗೂ ಅವರ ಮನೆಯವರಿಗೂ ಅಂತಲೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಒಂದು ಘಟಕ ಸೇರಿತು. ಆತ್ಮಹತ್ಯೆಗೆ ಯತ್ನಿಸಿದರೆ ಕೇಸಾಗುತ್ತದೆ ಎಂದು ಮುಚ್ಚಿಡುವವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎನ್ನುತ್ತದೆ.

ತೀರ್ಮಾನ ಒಪ್ಪಿಗೆ ಇಲ್ಲದಿದ್ದರೆ

ಸೇವೆಯಲ್ಲಿದ್ದಾಗಲೇ ಸೇನಾ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಮೇಲಧಿಕಾರಿಗಳಿಗೆ ದೂರು ಕೊಡುವ ಹಕ್ಕು ಜವಾನನಿಗೆ ಇದೆ. ಪಿಂಚಣಿ ತಿರಸ್ಕಾರವಾದರೆ ಇಲಾಖೆಯೊಳಗೆ ಮೇಲ್ಮನವಿ ಹಾಕಬಹುದು. ಅಲ್ಲೂ ಆಗದಿದ್ದರೆ 2007ರ ಕಾಯ್ದೆಯಡಿ ಬಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಕೊನೆಯ ಆದೇಶ ಬಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ಕಾರಣ ತೋರಿಸಿ ಮನ್ನಿಸಿ ಎಂದು ಕೇಳಬೇಕಾಗುತ್ತದೆ.

ಅರ್ಜಿ ಬರೆಸಲು, ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಿಂದ ಕಾಗದ ತರಿಸಲು ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ವಿಚಾರಿಸಿ. ಹೋಗುವಾಗ ಡಿಸ್ಚಾರ್ಜ್ ಬುಕ್, ವೈದ್ಯಕೀಯ ಮಂಡಳಿಯ ವರದಿಯ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಜೊತೆಗಿರಲಿ. ಮಂಡಳಿಯ ವರದಿ ಕೈಯಲ್ಲಿ ಇಲ್ಲದಿದ್ದರೆ ಮೊದಲ ಕೆಲಸ ಅದನ್ನು ರೆಕಾರ್ಡ್ ಆಫೀಸಿನಿಂದ ಕೇಳಿ ತರಿಸಿಕೊಳ್ಳುವುದು. ಸೇವೆಯಿಂದ ಬಂತೋ ಇಲ್ಲವೋ, ಶೇಕಡಾ ಎಷ್ಟು, ಎಷ್ಟು ಕಾಲಕ್ಕೆ ಎಂಬ ಮೂರು ಉತ್ತರಗಳೂ ಆ ವರದಿಯಲ್ಲೇ ಇರುತ್ತವೆ. ಮುಂದಿನ ವಾದವೆಲ್ಲ ಅಲ್ಲಿಂದಲೇ ಶುರುವಾಗಬೇಕು.